ನೀರಿನಡಿಯ ಮಂಜುಗಡ್ಡೆ

ನಿಮ್ಮ ಮನೆಯಲ್ಲಿ ಹದಿನಾರು ಹದಿನೇಳರ ಹರೆಯದ ಮಗನೋ ತಮ್ಮನೋ ಇದ್ದರೆ ಈ ದೃಶ್ಯ ನಿಮಗೆ ಹೊಸತಲ್ಲ. ಊಟಕ್ಕೆ ಕರೆದರೆ ಕೇಳಿಸುವುದಿಲ್ಲ. ಹತ್ತಿರ ಹೋಗಿ ನೋಡಿದರೆ ಕಿವಿಯಲ್ಲಿ ಇಯರ್‌ಫೋನ್. ತಲೆ ಒಂದೇ ಸಮನೆ ಅಲ್ಲಾಡುತ್ತಿದೆ. ತುಟಿಗಳು ಪಟಪಟನೆ ಏನನ್ನೋ ಹೇಳಿಕೊಳ್ಳುತ್ತಿವೆ. ಹಾಡೂ ಅಲ್ಲ, ಮಾತೂ ಅಲ್ಲ, ಜಗಳವೋ ಎಂದರೆ ಎದುರಿಗೆ ಯಾರೂ ಇಲ್ಲ! ಇದಕ್ಕೆ ರ‍್ಯಾಪ್ ಎನ್ನುತ್ತಾರೆ. ಅದು ಬೆಳೆದು ಬಂದ ದೊಡ್ಡ ಬಳಗಕ್ಕೆ ಹಿಪ್ ಹಾಪ್ ಎಂದು ಹೆಸರು.

ನನ್ನ ಅಕ್ಕನ ಮಗನೂ ಈ ಬಳಗಕ್ಕೆ ಸೇರಿದವನು. ಪಿಯುಸಿ ಓದುತ್ತಿರುವ ಹುಡುಗ. ಕಳೆದ ವರ್ಷ ಅಕ್ಕ ಕಣ್ಣೊರೆಸುತ್ತಾ ಫೋನ್ ಮಾಡಿದ್ದಳು. "ಇವನು ಕೈತಪ್ಪಿ ಹೋಗುತ್ತಿದ್ದಾನೆ. ರಾತ್ರಿಯೆಲ್ಲಾ ಏನೋ ಬರೆಯುತ್ತಾನೆ, ಏನೋ ಗೊಣಗುತ್ತಾನೆ. ನೀನಾದರೂ ಬಂದು ಬುದ್ಧಿ ಹೇಳು" ಎಂದಳು. ಬುದ್ಧಿ ಹೇಳಲೆಂದೇ ಹೋದೆ. ಅವನು ನನ್ನನ್ನು ಎದುರಿಗೆ ಕೂರಿಸಿಕೊಂಡು, "ಚಿಕ್ಕಮ್ಮ, ಬಯ್ಯುವ ಮುಂಚೆ ಒಮ್ಮೆ ಇದನ್ನು ಕೇಳಿ" ಎಂದು ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ಕೊಟ್ಟ. ಅಂದು ಕೇಳಿದ ಆಲ್ಬಂನ ಬಗ್ಗೆಯೇ ಈ ಲೇಖನ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸಂಗೀತದ ಬಗ್ಗೆ, ಅದರಲ್ಲೂ ವಾದ್ಯಗಳ ಬಗ್ಗೆ ನಮ್ಮ ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಒಂದೊಂದು ಮನೆಯ ರೀತಿ ಒಂದೊಂದು. ಅದನ್ನು ತೀರ್ಮಾನಿಸಲು ನಾನು ಅರ್ಹಳಲ್ಲ, ಇಲ್ಲಿ ಆ ಉದ್ದೇಶವೂ ಇಲ್ಲ. ಆದರೆ ನಮ್ಮ ಮಕ್ಕಳು ಕೇಳುತ್ತಿರುವುದು ಏನು ಎಂಬುದು ನಮಗೆ ತಿಳಿದಿರಬೇಕಲ್ಲವೇ? ತಿಳಿಯದೆ ಬಯ್ದರೆ ಅವರು ಬಾಗಿಲು ಹಾಕಿಕೊಳ್ಳುತ್ತಾರೆ, ಅಷ್ಟೇ.

ಆಲ್ಬಂನ ಹೆಸರು 'ದಿ ಐಸ್‌ಬರ್ಗ್', ಅಂದರೆ ಸಮುದ್ರದಲ್ಲಿ ತೇಲುವ ಮಂಜುಗಡ್ಡೆ. ಅದನ್ನು ರಚಿಸಿದ ಕಲಾವಿದ ಜಗತ್ತಿಗೆ ಪರಿಚಿತನಾಗಿರುವುದು 'ಆಡಿಸೀ' ಎಂಬ ಹೆಸರಿನಲ್ಲಿ. ಮನೆಯವರಿಟ್ಟ ಹೆಸರು ಅಮೀರ್ ಮುಹಮ್ಮದ್ ಅಲ್ ಖಲೀಫಾ. ತಂದೆ ಸುಡಾನಿನಿಂದ ಅಮೇರಿಕಕ್ಕೆ ವಲಸೆ ಹೋದವರು, ತಾಯಿ ಆಫ್ರೋ-ಅಮೆರಿಕನ್. 1985ರ ಫೆಬ್ರವರಿ 24ರಂದು ರಾಜಧಾನಿ ವಾಷಿಂಗ್ಟನ್‌ನಲ್ಲಿ ಹುಟ್ಟಿದ ಇವರು ಬೆಳೆದದ್ದು ಅದರ ಪಕ್ಕದ ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ. ಕಪ್ಪು ವರ್ಣೀಯರೇ ಬಹುಸಂಖ್ಯಾತರಾಗಿರುವ, ಸಾಕಷ್ಟು ಅನುಕೂಲಸ್ಥರೂ ಇರುವ ಪ್ರದೇಶ ಅದು. ಬೇಸಿಗೆ ರಜೆ ಬಂತೆಂದರೆ ಹುಡುಗನ ಪ್ರಯಾಣ ಸುಡಾನಿನ ರಾಜಧಾನಿ ಖಾರ್ತೂಮಿಗೆ, ತಂದೆಯ ಕುಟುಂಬದವರ ನಡುವೆ. ನೀಲಿ ನೈಲ್ ಮತ್ತು ಬಿಳಿ ನೈಲ್ ನದಿಗಳು ಕೂಡುವ ಊರದು. ಈ ಹುಡುಗನಲ್ಲೂ ಎರಡು ನದಿಗಳು ಹಾಗೆಯೇ ಕೂಡಿಕೊಂಡವು. ಅಮೇರಿಕದಲ್ಲಿ ಅವನು ಸುಡಾನಿನವನು, ಸುಡಾನಿನಲ್ಲಿ ಅಮೇರಿಕದವನು. ಗಲ್ಫ್‌ನಲ್ಲಿ ಹುಟ್ಟಿ ಬೆಳೆದು ರಜೆಗೆ ಮಂಗಳೂರಿಗೋ ಭಟ್ಕಳಕ್ಕೋ ಬರುವ ಮಕ್ಕಳನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ತಂಗಿಯ ಬಟ್ಟೆಯ ಖರ್ಚಿನಿಂದ

ಹಿಪ್ ಹಾಪ್ ಎಂದರೆ ಚಿನ್ನದ ಸರಪಳಿ, ದೊಡ್ಡ ಕಾರು, ಬಾಟಲಿ, ಬಂದೂಕು, ಅರೆನಗ್ನ ಹುಡುಗಿಯರು ಎಂದೇ ನಮ್ಮಲ್ಲಿ ಹೆಚ್ಚಿನವರ ಭಾವನೆ. ಆ ಭಾವನೆ ಪೂರ್ತಿ ಸುಳ್ಳೂ ಅಲ್ಲ. ಹೆಣ್ಣನ್ನು ಕೀಳಾಗಿ ಕಾಣುವ ಹಾಡುಗಳು ಅದರಲ್ಲಿ ಬೇಕಾದಷ್ಟಿವೆ, ಅವುಗಳಿಂದಲೇ ಕೋಟಿಗಟ್ಟಲೆ ಗಳಿಸಿದ ಕಂಪೆನಿಗಳೂ ಇವೆ. ಆದರೆ ಅದು ಹುಟ್ಟಿದ ಬಗೆ ಬೇರೆ.

1973ರ ಆಗಸ್ಟ್ 11. ನ್ಯೂಯಾರ್ಕ್‌ನ ಬ್ರಾಂಕ್ಸ್ ಎಂಬ ಬಡ ಬಡಾವಣೆಯಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಶಾಲೆ ತೆರೆಯುವ ಹೊತ್ತಿಗೆ ಹೊಸ ಬಟ್ಟೆ ಕೊಳ್ಳಬೇಕಿತ್ತು, ಕೈಯಲ್ಲಿ ಹಣವಿರಲಿಲ್ಲ. ತಾವಿದ್ದ ವಠಾರದ ಸಾರ್ವಜನಿಕ ಕೋಣೆಯನ್ನು ಬಾಡಿಗೆಗೆ ಪಡೆದು ಒಂದು ಪಾರ್ಟಿ ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ ಶುಲ್ಕ. ಸಂಗೀತದ ಹೊಣೆ ಅವಳ ಅಣ್ಣನದು. ಜಮೈಕಾದಿಂದ ಬಂದಿದ್ದ ಆ ಯುವಕ ಮುಂದೆ ಡಿಜೆ ಕೂಲ್ ಹರ್ಕ್ ಎಂದು ಪ್ರಸಿದ್ಧನಾದ. ಹಳೆಯ ರೆಕಾರ್ಡುಗಳಲ್ಲಿ ತಾಳವಾದ್ಯ ಮಾತ್ರ ನುಡಿಯುವ ಸಣ್ಣ ತುಣುಕನ್ನು ಎರಡು ತಿರುಗುಬಲ್ಲೆಗಳಲ್ಲಿ ಮತ್ತೆ ಮತ್ತೆ ಹಾಕಿ ಬೆಳೆಸುವುದು ಅವನ ವಿದ್ಯೆ. ಆ ತಾಳದ ಮೇಲೆ ಮೈಕ್ ಹಿಡಿದು ಪ್ರಾಸ ಕಟ್ಟಿ ಮಾತಾಡುವ ರೂಢಿ ಬೆಳೆಯಿತು, ಅದೇ ರ‍್ಯಾಪ್. ಇಡೀ ಜಗತ್ತನ್ನು ಆವರಿಸಿದ ಈ ಕಲೆಯ ಹುಟ್ಟುದಿನವೆಂದು ಇಂದು ಆಚರಿಸುವುದು ಆ ಪಾರ್ಟಿಯ ದಿನವನ್ನೇ. ಅಂದರೆ ಒಬ್ಬ ತಂಗಿಯ ಬಟ್ಟೆಯ ಖರ್ಚಿನಿಂದ ಆರಂಭವಾದದ್ದು! ಆರು ವರ್ಷಗಳ ನಂತರ, 1979ರಲ್ಲಿ, ರ‍್ಯಾಪನ್ನು ಮೊದಲ ಬಾರಿಗೆ ಮನೆ ಮನೆಗೆ ತಲುಪಿಸಿದ 'ರ‍್ಯಾಪರ್ಸ್ ಡಿಲೈಟ್' ಎಂಬ ಧ್ವನಿಮುದ್ರಿಕೆಯನ್ನು ಹೊರತಂದದ್ದೂ ಸಿಲ್ವಿಯಾ ರಾಬಿನ್‌ಸನ್ ಎಂಬ ಮಹಿಳೆ. ಹೆಣ್ಣುಮಕ್ಕಳು ಹಚ್ಚಿದ ಒಲೆಯಲ್ಲಿ ಬೆಂದ ಅಡುಗೆಯನ್ನು ಗಂಡಸರು ಮುಂದಿನ ಪಂಕ್ತಿಯಲ್ಲಿ ಕೂತು ಉಂಡ ಕಥೆ ಇಲ್ಲೂ ಇದೆ.

ಇದರಲ್ಲಿ ಮುಸ್ಲಿಮರ ಪಾಲು ಸಣ್ಣದೇನಲ್ಲ. 'ಎ ಟ್ರೈಬ್ ಕಾಲ್ಡ್ ಕ್ವೆಸ್ಟ್' ತಂಡದ ಅಲಿ ಶಹೀದ್ ಮುಹಮ್ಮದ್, ಮೋಸ್ ಡೆಫ್ ಎಂಬ ಹೆಸರಿನಿಂದ ಪ್ರಸಿದ್ಧರಾಗಿ ನಂತರ ಯಾಸೀನ್ ಬೇ ಆದವರು, ಮಿನಿಯಾಪೊಲಿಸ್‌ನ ಬ್ರದರ್ ಅಲಿ, ಇವರೆಲ್ಲಾ ಈ ಕ್ಷೇತ್ರದ ಗೌರವಾನ್ವಿತರು. ಯಾಸೀನ್ ಬೇ ಅವರ 1999ರ ಆಲ್ಬಂ ಆರಂಭವಾಗುವುದೇ ಬಿಸ್ಮಿಲ್ಲಾಹ್‌ನೊಂದಿಗೆ. 2017ರಲ್ಲಿ ಸಿರಿಯಾ ಮೂಲದ ಅಮೇರಿಕನ್ ಸಹೋದರಿ ಮೋನಾ ಹೈದರ್ ಹಿಜಾಬಿನ ಕುರಿತೇ ಒಂದು ರ‍್ಯಾಪ್ ಹಾಡು ಮಾಡಿದರು. ತುಂಬು ಗರ್ಭಿಣಿಯಾಗಿದ್ದಾಗಲೇ, ಹಿಜಾಬ್ ಧರಿಸಿದ ಗೆಳತಿಯರ ನಡುವೆ ನಿಂತು ಅದರ ಚಿತ್ರೀಕರಣ ಮಾಡಿಸಿಕೊಂಡರು. ಅದನ್ನು ಮೆಚ್ಚಿದವರೂ ಇದ್ದರು, ಮುಖ ಸಿಂಡರಿಸಿದವರೂ ಇದ್ದರು.

ಕೌದಿ ಹೊಲಿಯುವ ಕೆಲಸ

ಇನ್ನು 'ಸ್ವಂತ ನಿರ್ಮಾಣ' ಎಂದರೇನು ಎಂಬ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನನಗೂ ಅರ್ಥವಾಗಲು ಸಮಯ ಹಿಡಿಯಿತು.

ಸಾಮಾನ್ಯವಾಗಿ ಒಂದು ರ‍್ಯಾಪ್ ಹಾಡಿಗೆ ಇಬ್ಬರು ಬೇಕು. ಮಾತು ಬರೆದು ಹೇಳುವವನು ಒಬ್ಬ. ಅದರ ಕೆಳಗೆ ನುಡಿಯುವ ತಾಳ, ನಾದ ಎಲ್ಲವನ್ನೂ ಕಟ್ಟುವವನು ಇನ್ನೊಬ್ಬ. ಹೀಗೆ ಕಟ್ಟಿದ್ದಕ್ಕೆ ಬೀಟ್ ಎನ್ನುತ್ತಾರೆ, ಕಟ್ಟುವವನಿಗೆ ಪ್ರೊಡ್ಯೂಸರ್ ಎನ್ನುತ್ತಾರೆ. ನಮ್ಮ ಸಿನಿಮಾದ ನಿರ್ಮಾಪಕನ ಹಾಗೆ ಹಣ ಹಾಕುವವನಲ್ಲ ಇವನು; ಸಂಗೀತ ನಿರ್ದೇಶಕನಂತೆ ಎಂದರೆ ಹೆಚ್ಚು ಸರಿ.

ಉತ್ತರ ಕರ್ನಾಟಕದ ಸಹೋದರಿಯರಿಗೆ ಕೌದಿ ಎಂದರೆ ಗೊತ್ತು. ಅಜ್ಜಿಯ ಸೀರೆ, ಅಪ್ಪನ ಅಂಗಿ, ಮಗುವಿನ ಲಂಗ, ಎಲ್ಲದರಿಂದ ಒಂದೊಂದು ತುಂಡು ಕತ್ತರಿಸಿ, ಬಣ್ಣಕ್ಕೆ ಬಣ್ಣ ಹೊಂದಿಸಿ, ಕೈಯಲ್ಲೇ ಹೊಲಿದ ಹೊದಿಕೆ. ಹಿಪ್ ಹಾಪ್ ಬೀಟ್ ಕಟ್ಟುವ ಹಳೆಯ ವಿಧಾನ ಹೆಚ್ಚುಕಡಿಮೆ ಇದೇ. ಹಳೆಯ ಹಾಡೊಂದರಿಂದ ಎರಡು ಸೆಕೆಂಡಿನ ಪಿಯಾನೊ, ಇನ್ನೊಂದರಿಂದ ಡ್ರಮ್ಮಿನ ಒಂದು ಪೆಟ್ಟು, ಮತ್ತೊಂದರಿಂದ ಯಾರದೋ ನಿಟ್ಟುಸಿರು. ಕತ್ತರಿಸಿ, ವೇಗ ಹೆಚ್ಚು ಕಡಿಮೆ ಮಾಡಿ ಜೋಡಿಸುವುದು. ಇದಕ್ಕೆ ಸ್ಯಾಂಪಲಿಂಗ್ ಎಂದು ಹೆಸರು. ಕೌದಿಗೂ ಇದಕ್ಕೂ ಒಂದೇ ವ್ಯತ್ಯಾಸ. ಕೌದಿಯ ತುಂಡುಗಳು ನಮ್ಮ ಮನೆಯದೇ ಬಟ್ಟೆ. ಇಲ್ಲಿ ಮಾತ್ರ ಬೇರೆಯವರ ಸೊತ್ತು. 1991ರಲ್ಲಿ ಬಿಝ್ ಮಾರ್ಕಿ ಎಂಬ ರ‍್ಯಾಪರ್ ಗಿಲ್ಬರ್ಟ್ ಓ'ಸಲಿವನ್ ಎಂಬ ಗಾಯಕರ ಹಾಡಿನ ತುಣುಕನ್ನು ಅನುಮತಿಯಿಲ್ಲದೆ ಬಳಸಿದ ಪ್ರಕರಣದಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ಕಳ್ಳತನ ಮಾಡಬಾರದೆಂಬ ಧರ್ಮಗ್ರಂಥದ ಆಜ್ಞೆಯನ್ನೇ ನೆನಪಿಸಿ ತೀರ್ಪು ಬರೆದರು. ಅಂದಿನಿಂದ ಪ್ರತಿ ತುಣುಕಿಗೂ ಅನುಮತಿ ಬೇಕು, ಹಣ ಕೊಡಬೇಕು. ಹಣವುಳ್ಳ ಕಂಪೆನಿಗಳಿಗೆ ಇದು ಕಷ್ಟವಲ್ಲ, ಒಬ್ಬಂಟಿ ಕಲಾವಿದನಿಗೆ ಕಷ್ಟ.

ಆಡಿಸೀ ಈ ಎರಡೂ ಕೆಲಸಗಳನ್ನು ತಾವೇ ಮಾಡುತ್ತಾರೆ. ಇವರ ನೆರೆಮನೆಯಲ್ಲಿದ್ದವರು ಗ್ಯಾರಿ ಶೈಡರ್, 'ಪಾರ್ಲಿಮೆಂಟ್-ಫಂಕಡೆಲಿಕ್' ಎಂಬ ಹೆಸರಾಂತ ತಂಡದ ಗಿಟಾರ್ ವಾದಕ. ಅವರ ಮನೆಯಲ್ಲಿದ್ದ ಸಣ್ಣ ಸ್ಟುಡಿಯೋದಲ್ಲೇ ಹುಡುಗ ಅಮೀರ್ ಧ್ವನಿಮುದ್ರಣದ ಮೊದಲ ಪಾಠಗಳನ್ನು ಕಲಿತದ್ದು. 2002ರಲ್ಲಿ, ಇನ್ನೂ 17ರ ಹರೆಯದಲ್ಲಿರುವಾಗ, ಅವರು ಕಟ್ಟಿದ ಒಂದು ರಚನೆ ಡಿಜೆ ಜಾಝಿ ಜೆಫ್ ಅವರ ಆಲ್ಬಂನಲ್ಲಿ ಸೇರಿತು. ನೆರೆಮನೆಯವರು ಒಂದು ಬಾಗಿಲು ತೆರೆದಿಟ್ಟರೆ ಒಂದು ಮಗುವಿನ ಬದುಕು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿ.

'ದಿ ಐಸ್‌ಬರ್ಗ್'ನಲ್ಲಿ 12 ಹಾಡುಗಳಿವೆ. ಮಾತುಗಳನ್ನು ಬರೆದವರು, ಸಂಗೀತ ಕಟ್ಟಿದವರು ಇಬ್ಬರೂ ಒಬ್ಬರೇ. ಈ ಆಲ್ಬಂನಲ್ಲಿ ಹಳೆಯ ತುಣುಕುಗಳಿಗಿಂತ ಕೀಬೋರ್ಡು, ಬೇಸ್ ಗಿಟಾರ್, ಡ್ರಮ್, ತುತ್ತೂರಿಗಳನ್ನು ನುಡಿಸುವ ನಿಜವಾದ ವಾದಕರ ನಾದವೇ ಹೆಚ್ಚು. ವಾಷಿಂಗ್ಟನ್ನಿನದೇ ಆದ 'ಗೋ-ಗೋ' ಎಂಬ ಸಂಗೀತವಿದೆ. ಒಂದು ಹಾಡು ಮುಗಿದರೂ ತಾಳ ನಿಲ್ಲದೆ ಮುಂದಿನ ಹಾಡಿಗೆ ಹರಿಯುವುದು ಅದರ ಗುಣ. 2020ರಲ್ಲಿ ನಗರಾಡಳಿತ ಅದನ್ನು ನಗರದ ಅಧಿಕೃತ ಸಂಗೀತವೆಂದು ಘೋಷಿಸಿತು. ಆಡಿಸೀ ಅವರ ತಾಳಗಳಲ್ಲಿ ಹುಟ್ಟೂರಿನ ಆ ಛಾಯೆ ಇದೆ ಎಂದು ನನ್ನ ಅಕ್ಕನ ಮಗ ಬೆರಳಲ್ಲಿ ಮೇಜು ಬಡಿದು ತೋರಿಸಿದ. ನನಗೆ ಕೇಳಿಸಿದ್ದು ಮೇಜಿನ ಸದ್ದು ಮಾತ್ರ, ಅದು ಬೇರೆ ಮಾತು.

ಲೆಕ್ಕದ ಪುಸ್ತಕ

ನಮ್ಮ ಕರಾವಳಿಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟಿಲ್ಲ! ಎಲೆ, ತಂಬಾಕು ಬ್ರಾಂಚ್‌ನಿಂದ ಬರುತ್ತದೆ. ಕಟ್ಟಿ ಕೊಂಡುಹೋದರೆ ಸರಿಯಿಲ್ಲವೆಂದು ಒಂದಷ್ಟು ಪಕ್ಕಕ್ಕೆ ಹೋಗುತ್ತದೆ, ಎಲೆ ಕಡಿಮೆ ಬಿದ್ದರೆ ನಾವೇ ಕೊಂಡು ತುಂಬಬೇಕು, ಉಳಿದದ್ದಕ್ಕೆ ಮಜೂರಿ. ಲೆಕ್ಕದ ಪುಸ್ತಕ ಮಾತ್ರ ಅವರ ಕೈಯಲ್ಲಿ. ಸಂಗೀತದ ದೊಡ್ಡ ಕಂಪೆನಿಗಳ ವ್ಯವಹಾರ ಓದುವಾಗ ನನಗೆ ನೆನಪಾದದ್ದು ಇದೇ ಪುಸ್ತಕ.

ಕಂಪೆನಿ ಕಲಾವಿದನಿಗೆ ಮುಂಗಡ ಕೊಡುತ್ತದೆ. ಹುಡುಗ ಅದನ್ನು ಬಹುಮಾನವೆಂದು ತಿಳಿದು ಕಾರು ಕೊಳ್ಳುತ್ತಾನೆ. ಅದು ಬಹುಮಾನವಲ್ಲ. ಸ್ಟುಡಿಯೋದ ಬಾಡಿಗೆ, ವೀಡಿಯೋದ ಖರ್ಚು, ಪ್ರಚಾರದ ಖರ್ಚಿನ ಒಂದು ಭಾಗ, ಎಲ್ಲವೂ ಅವನ ಪಾಲಿನಿಂದಲೇ ಮುರಿದುಕೊಳ್ಳಬೇಕಾದದ್ದು. ಆ ಬಾಕಿ ತೀರುವವರೆಗೆ ಹಾಡು ಎಷ್ಟೇ ಮಾರಾಟವಾದರೂ ಅವನ ಕೈಗೆ ರಾಯಧನ ಬರುವುದಿಲ್ಲ. ಬಾಕಿ ತೀರಿದ ನಂತರವೂ ಮೂಲ ಧ್ವನಿಮುದ್ರಣದ ಒಡೆತನ ಕಂಪೆನಿಯದ್ದೇ. ಸಾಲ ತೀರಿಸಿದ ಮೇಲೂ ಮನೆ ಬ್ಯಾಂಕಿನ ಹೆಸರಿನಲ್ಲೇ ಉಳಿದರೆ ಹೇಗಿರುತ್ತದೆ, ಹಾಗೆ.

ಇದಕ್ಕೆ ಅಟ್ಲಾಂಟಾದ ಟಿಎಲ್‌ಸಿ ಎಂಬ ಮೂವರು ಯುವತಿಯರ ತಂಡ ಸಾಕ್ಷಿ. 1994ರ ಕೊನೆಯಲ್ಲಿ ಹೊರಬಂದ ಅವರ ಆಲ್ಬಂ ಲಕ್ಷಗಟ್ಟಲೆ ಪ್ರತಿಗಳು ಖರ್ಚಾಗುತ್ತಿದ್ದಾಗಲೇ, 1995ರಲ್ಲಿ ಆ ಮೂವರೂ ದಿವಾಳಿ ಅರ್ಜಿ ಹಾಕಿದರು. ಜಗತ್ತಿನ ಮೂಲೆಮೂಲೆಯಲ್ಲಿ ಅವರ ದನಿ ಕೇಳುತ್ತಿತ್ತು, ಅವರ ಕೈ ಬರಿದಾಗಿತ್ತು!

ಸ್ವತಂತ್ರ ಕಲಾವಿದನ ದಾರಿ ಬೇರೆ. ಆಡಿಸೀ 'ದಿ ಐಸ್‌ಬರ್ಗ್' ಹೊರತಂದದ್ದು ಮೆಲ್ಲೋ ಮ್ಯೂಸಿಕ್ ಗ್ರೂಪ್ ಎಂಬ ಸಣ್ಣ ಸ್ವತಂತ್ರ ಸಂಸ್ಥೆಯ ಮೂಲಕ. 2023ರ ಜನವರಿಯಲ್ಲಿ ಬಂದ 'ಟು ವಾಟ್ ಎಂಡ್' ಎಂಬ ನಂತರದ ದೊಡ್ಡ ಆಲ್ಬಂ ಅವರದೇ ಸಂಸ್ಥೆಯಿಂದ ಹೊರಬಂತು. ಒಂದು ಹಾಡಿನಲ್ಲಿ ಎರಡು ಬಗೆಯ ಹಕ್ಕುಗಳಿರುತ್ತವೆ. ರಚನೆಯ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು. ಹಿಪ್ ಹಾಪ್‌ನ ವಾಡಿಕೆಯಂತೆ ರಚನೆಯ ಹಕ್ಕಿನಲ್ಲಿ ಬೀಟ್ ಕಟ್ಟಿದವನಿಗೆ ಅರ್ಧ, ಮಾತು ಬರೆದವನಿಗೆ ಅರ್ಧ. ಎರಡನ್ನೂ ಒಬ್ಬನೇ ಮಾಡಿದರೆ ಹಂಚಿಕೊಳ್ಳುವ ಪ್ರಶ್ನೆ ಇಲ್ಲ. ಮಾತಿಲ್ಲದ ಬರಿಯ ಸಂಗೀತದ ಆಲ್ಬಂಗಳನ್ನೂ ಅವರು ತಂದಿದ್ದಾರೆ. 2011ರ 'ರಾಕ್ ಕ್ರೀಕ್ ಪಾರ್ಕ್' ಅಂತಹದು, ವಾಷಿಂಗ್ಟನ್ನಿನ ಉದ್ಯಾನವೊಂದರ ಹೆಸರು. ಚಿತ್ರಗಳಿಗೆ, ಜಾಹೀರಾತುಗಳಿಗೆ ಹಿನ್ನೆಲೆಯಾಗಿ ಇಂತಹ ಸಂಗೀತಕ್ಕೆ ಬೇಡಿಕೆಯಿರುತ್ತದೆ. ಬ್ಯಾಂಡ್‌ಕ್ಯಾಂಪ್‌ನಂತಹ ಅಂತರ್ಜಾಲದ ಅಂಗಡಿಯಲ್ಲಿ ನೇರವಾಗಿ ಮಾರಿದರೆ ಅಂಗಡಿಯವರು ಹಿಡಿದುಕೊಳ್ಳುವುದು ಸಾಮಾನ್ಯವಾಗಿ ನೂರಕ್ಕೆ 15, ಉಳಿದದ್ದರಲ್ಲಿ ಹಣ ಪಾವತಿಯ ಸಣ್ಣ ಶುಲ್ಕ ಕಳೆದರೆ ಮಿಕ್ಕಿದ್ದು ಕಲಾವಿದನದು. ಹತ್ತು ಲಕ್ಷ ಕೇಳುಗರು ಬೇಕಾಗಿಲ್ಲ. ಕೊಂಡು ಕೇಳುವ ಕೆಲವೇ ಸಾವಿರ ಮಂದಿ ಇದ್ದರೂ ಗೌರವದ ಬದುಕು ಸಾಧ್ಯ.

ನಮ್ಮ ದೇಶದಲ್ಲೂ ಗೀತರಚನೆಕಾರರು, ಸಂಗೀತಗಾರರು ಒಮ್ಮೆ ಹಣ ಪಡೆದು ಸಹಿ ಹಾಕಿದರೆ ಮುಗಿಯಿತು ಎಂಬ ಸ್ಥಿತಿ ಬಹುಕಾಲ ಇತ್ತು. 2012ರ ಕೃತಿಸ್ವಾಮ್ಯ ತಿದ್ದುಪಡಿ ಆ ರಾಯಧನದ ಹಕ್ಕನ್ನು ಅವರಿಂದ ಬರೆಸಿಕೊಳ್ಳುವಂತಿಲ್ಲ ಎಂದಿತು. ಆ ತಿದ್ದುಪಡಿಗಾಗಿ ರಾಜ್ಯಸಭೆಯಲ್ಲಿ ಗಟ್ಟಿಯಾಗಿ ದನಿಯೆತ್ತಿದವರು ಕವಿ ಜಾವೇದ್ ಅಖ್ತರ್.

ಆಡಿಸೀ 2016ರಲ್ಲಿ ತಂದ ಒಂದು ಕಿರು ಆಲ್ಬಂನ ಹೆಸರು 'ಅಲ್‌ವಾಸ್ತಾ'. ಗಲ್ಫ್‌ನಲ್ಲಿ ದುಡಿದ ಯಾರನ್ನಾದರೂ ಕೇಳಿ, ವಾಸ್ತಾ ಎಂದರೆ ಏನೆಂದು ನಿಟ್ಟುಸಿರಿನೊಂದಿಗೆ ಹೇಳುತ್ತಾರೆ. ವೀಸಾ, ಕೆಲಸ, ಬಡ್ತಿ, ಎಲ್ಲಕ್ಕೂ ಮೇಲಿನವರ ಪರಿಚಯ ಬೇಕು. ನಾವು ಕನ್ನಡದಲ್ಲಿ ವಶೀಲಿ ಎನ್ನುತ್ತೇವಲ್ಲ, ಅದು! ಆ ಪದವೂ ಅರಬಿಯಿಂದಲೇ ಬಂದದ್ದು. ವಶೀಲಿಯಿಲ್ಲದೆ ಮೇಲೆ ಬಂದವನು ತನ್ನ ಕೃತಿಗೆ ಆ ಹೆಸರನ್ನಿಟ್ಟದ್ದು ನನಗೆ ಬಹಳ ಹಿಡಿಸಿತು.

ಇಬ್ಬರು ಹುಡುಗರು

ಮಂಜುಗಡ್ಡೆ ಸಮುದ್ರದಲ್ಲಿ ತೇಲುವಾಗ ಹತ್ತರಲ್ಲಿ ಒಂದು ಪಾಲು ಮಾತ್ರ ನೀರಿನ ಮೇಲೆ ಕಾಣುತ್ತದೆ, ಒಂಬತ್ತು ಪಾಲು ಕೆಳಗೆ. ಮೊದಲ ಹಾಡಿನ ಹೆಸರೇ 'ಆಳಕ್ಕೆ ಅಗೆಯುವುದು' ಎಂಬರ್ಥದ್ದು. ಕಣ್ಣಿಗೆ ಕಾಣುವ ಸಿಟ್ಟು, ದ್ವೇಷ, ಬಡತನ, ಇವುಗಳ ಕೆಳಗೆ ಏನಿದೆ ಎಂದು ಬಗ್ಗಿ ನೋಡುವುದೇ ಇಡೀ ಆಲ್ಬಂನ ಕೆಲಸ. 'ಥಿಂಗ್ಸ್' ಎಂಬ ಹಾಡಿನ ತಾಳ ಕುಣಿಸುವಂತಿದೆ, ಆದರೆ ಅದರ ಮಾತುಗಳೆಲ್ಲಾ ಒಳಗಿನ ಕಳವಳದ್ದು. ನಗುತ್ತಾ ಬಡಿಸುವ ಗೃಹಿಣಿಯ ಮನಸ್ಸಿನಲ್ಲಿ ಏನಿದೆಯೆಂದು ಉಣ್ಣುವವರಿಗೆ ತಿಳಿಯುತ್ತದೆಯೇ?

'ಹೋಲ್ಡ್ ಇಟ್ ಬ್ಯಾಕ್' ಎಂಬ ಹಾಡಿನಲ್ಲಿ ಅವರು ಎತ್ತುವ ಪ್ರಶ್ನೆಗಳಲ್ಲಿ ಒಂದು, ಒಂದೇ ಕೆಲಸಕ್ಕೆ ಹೆಣ್ಣಿಗೆ ಗಂಡಿಗಿಂತ ಕಡಿಮೆ ಸಂಬಳ ಏಕೆ ಎಂಬುದು. ಅಮೇರಿಕದಲ್ಲಿ ಸಮಾನ ವೇತನದ ಕಾನೂನು ಬಂದದ್ದು 1963ರಲ್ಲಿ, ನಮ್ಮಲ್ಲಿ 1976ರಲ್ಲಿ. ಕಾನೂನು ಬಂದು ಇಷ್ಟು ವರ್ಷಗಳಾದರೂ ಈ ಪ್ರಶ್ನೆ ಹಾಡಾಗಿ ಉಳಿದಿದೆ. ಹೆಣ್ಣನ್ನು ಸರಕಿನಂತೆ ಕಾಣುತ್ತದೆಂಬ ಅಪವಾದ ಹೊತ್ತ ಕಲೆಯಲ್ಲಿ ಒಬ್ಬ ಗಂಡಸು ಈ ಪ್ರಶ್ನೆಯನ್ನು ಕೇಳಿದ್ದಾನೆ ಎಂದು ಅಕ್ಕನಿಗೆ ಹೇಳಿದೆ. "ಹಾಡಿದರೆ ಸಾಲದು, ಮನೆಯಲ್ಲಿ ಪಾತ್ರೆ ತೊಳೆಯುತ್ತಾನಾ ಕೇಳು" ಎಂದಳು. ಅವಳ ಪ್ರಶ್ನೆಯೂ ಸರಿಯೇ.

ಆದರೆ ನನ್ನನ್ನು ನಿಜವಾಗಿ ಕಾಡಿದ್ದು 'ಯೂ ಗ್ರ್ಯೂ ಅಪ್' ಎಂಬ ಹಾಡು. ನೀನು ಬೆಳೆದೆ ಎಂದರ್ಥ. ಇದರಲ್ಲಿ ಇಬ್ಬರು ಹುಡುಗರ ಕಥೆಗಳಿವೆ. ಮೊದಲನೆಯವನು ಬಾಲ್ಯದ ಗೆಳೆಯ, ಬಿಳಿಯ ಹುಡುಗ. ಇಬ್ಬರೂ ಜೊತೆಯಲ್ಲಿ ಆಡಿ ಬೆಳೆದವರು. ದೊಡ್ಡವರ ಕಹಿ ಅವನೊಳಗೆ ನಿಧಾನವಾಗಿ ಇಳಿಯುತ್ತದೆ. ಅವನು ಪೊಲೀಸನಾಗುತ್ತಾನೆ, ಕಪ್ಪು ವರ್ಣೀಯನೊಬ್ಬನನ್ನು ಕೊಲ್ಲುತ್ತಾನೆ. ಎರಡನೆಯವನು ಮುಸ್ಲಿಮ್ ಯುವಕ. ತನ್ನದೆಂದು ಹೇಳಿಕೊಳ್ಳುವ ಜಾಗ ಎಲ್ಲೂ ಸಿಗದೆ ಒಂಟಿಯಾಗುತ್ತಾನೆ, ದ್ವೇಷವನ್ನು ಧರ್ಮವೆಂದು ಬೋಧಿಸುವವರ ಕೈಗೆ ಸಿಕ್ಕಿ ಹಿಂಸೆಯ ದಾರಿ ಹಿಡಿಯುತ್ತಾನೆ.

ನಿಜ ಹೇಳಬೇಕೆಂದರೆ ಎರಡನೆಯ ಕಥೆ ಕೇಳಿದಾಗ ನನಗೆ ಇರಿಸುಮುರಿಸಾಯಿತು. ಊರೆಲ್ಲಾ ನಮ್ಮತ್ತ ಬೆರಳು ತೋರಿಸುತ್ತಿರುವಾಗ ನಮ್ಮವನೇ ಒಬ್ಬ ಇದನ್ನು ಏಕೆ ಎತ್ತಬೇಕು ಎನಿಸಿತು. ನಮ್ಮ ಮಕ್ಕಳನ್ನು ಬಸ್ಸಿನಲ್ಲಿ, ಬಾಡಿಗೆ ಮನೆ ಹುಡುಕುವಲ್ಲಿ, ಕೆಲಸದ ಸಂದರ್ಶನದಲ್ಲಿ ಜನ ಹೇಗೆ ನೋಡುತ್ತಾರೆ ಎಂಬುದು ನಮಗೆ ಗೊತ್ತಿಲ್ಲವೇ? ಅಕ್ಕನ ಮಗನಿಗೆ ಹಾಗೆಯೇ ಹೇಳಿದೆ. ಅವನು, "ಚಿಕ್ಕಮ್ಮ, ಮೊದಲನೆಯ ಕಥೆಯ ಜೊತೆಗೆ ಇಟ್ಟು ಕೇಳಿ" ಎಂದ. ಮತ್ತೊಮ್ಮೆ ಕೇಳಿದೆ. ಆಗ ಹೊಳೆಯಿತು. ಒಬ್ಬನ ಕೃತ್ಯಕ್ಕೆ ಅವನ ಇಡೀ ಸಮುದಾಯವನ್ನು ಹೊಣೆ ಮಾಡುವ ಜಗತ್ತು ಇನ್ನೊಬ್ಬನ ಕೃತ್ಯವನ್ನು ಅವನೊಬ್ಬನದೇ ಎನ್ನುತ್ತದೆ. ಹಾಡು ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದೆ. ಇಬ್ಬರ ಅಪರಾಧವನ್ನೂ ಅದು ಮನ್ನಿಸುವುದಿಲ್ಲ. ಇಬ್ಬರೂ ಒಂದು ಕಾಲದಲ್ಲಿ ಮಕ್ಕಳಾಗಿದ್ದರು ಎನ್ನುವುದನ್ನು ಮರೆಯಲೂ ಬಿಡುವುದಿಲ್ಲ. ಆ ಮಕ್ಕಳು ಬದಲಾಗುತ್ತಿದ್ದಾಗ ಮನೆಯವರು ಏನು ಮಾಡುತ್ತಿದ್ದರು? ಬಾಗಿಲು ಹಾಕಿದ ಕೋಣೆಯ ಹೊರಗೆ ನಿಂತು ಅಳುತ್ತಿದ್ದರೇ? ಈ ಪ್ರಶ್ನೆ ಹಾಡಿನಲ್ಲಿಲ್ಲ, ನನ್ನದು. ಕೇಳಿ ಮುಗಿದ ಮೇಲೆ ನಾನು ಅಕ್ಕನ ಮುಖ ನೋಡಿದೆ.

ಆಲ್ಬಂ ಹೊರಬಂದ ಸಮಯವನ್ನೂ ನೆನಪಿಡಬೇಕು. 2017ರ ಜನವರಿ 27ರಂದು ಅಧ್ಯಕ್ಷ ಟ್ರಂಪ್ ಏಳು ಮುಸ್ಲಿಮ್ ಬಹುಸಂಖ್ಯಾತ ದೇಶಗಳ ಪ್ರಜೆಗಳು ಅಮೇರಿಕ ಪ್ರವೇಶಿಸದಂತೆ ಆದೇಶ ಹೊರಡಿಸಿದರು. ಪಟ್ಟಿಯಲ್ಲಿ ಸುಡಾನ್ ಇತ್ತು. ವಿಮಾನ ನಿಲ್ದಾಣಗಳಲ್ಲಿ ಅಜ್ಜಿಯರು, ಮಕ್ಕಳು ಸಿಕ್ಕಿಬಿದ್ದರು. ಅದಾಗಿ ನಾಲ್ಕು ವಾರಗಳಿಗೆ, ಫೆಬ್ರವರಿ 24ರಂದು, ತನ್ನ 32ನೆಯ ಹುಟ್ಟುಹಬ್ಬದ ದಿನ ಸುಡಾನಿನವರ ಈ ಮಗ 'ದಿ ಐಸ್‌ಬರ್ಗ್' ಬಿಡುಗಡೆ ಮಾಡಿದರು. ಹಾಡುಗಳು ಆ ಆದೇಶಕ್ಕಿಂತ ಮುಂಚಿನವು. ಆದರೂ ಆ ದಿನಗಳಿಗೆಂದೇ ಬರೆದಂತೆ ಕೇಳಿಸಿದವು. 'ಲೈಕ್ ರಿಯಲಿ' ಎಂಬ ಹಾಡಿನಲ್ಲಂತೂ ದೇಶವನ್ನು ಮತ್ತೆ ಶ್ರೇಷ್ಠವಾಗಿಸುವ ಘೋಷಣೆಯನ್ನೇ ಹಿಡಿದು, ಅದು ಯಾರ ಪಾಲಿಗೆ, ಯಾವಾಗ ಶ್ರೇಷ್ಠವಾಗಿತ್ತು ಎಂಬಂತೆ ಕೆಣಕುತ್ತಾರೆ. ಅಬ್ಬರವಿಲ್ಲ, ಬೈಗುಳದ ಮಳೆಯಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸುಡಾನನ್ನು ಪಟ್ಟಿಯಿಂದ ತೆಗೆಯಲಾಯಿತು. 2021ರಲ್ಲಿ ಬೈಡನ್ ನಿಷೇಧವನ್ನೇ ರದ್ದುಪಡಿಸಿದರು. 2025ರ ಜೂನ್‌ನಲ್ಲಿ ಟ್ರಂಪ್ ಹೊಸ ಪಟ್ಟಿ ತಂದಾಗ ಸುಡಾನ್ ಮತ್ತೆ ಅದರಲ್ಲಿತ್ತು.

ಆ ಹೊತ್ತಿಗೆ ಖಾರ್ತೂಮೂ ಹಳೆಯ ಖಾರ್ತೂಮಾಗಿ ಉಳಿದಿರಲಿಲ್ಲ. 2019ರಲ್ಲಿ ಉಮರ್ ಅಲ್ ಬಶೀರ್ ಸರಕಾರ ಉರುಳಿದಾಗ ಅಲ್ಲಿನ ಬೀದಿಗಳಲ್ಲಿ ಹೆಣ್ಣುಮಕ್ಕಳು ಮುಂದೆ ನಿಂತಿದ್ದರು, ಧರಣಿಯ ನಡುವೆ ಸುಡಾನಿನ ರ‍್ಯಾಪರ್‌ಗಳೂ ಹಾಡಿದ್ದರು. 2023ರ ಏಪ್ರಿಲ್ 15ರಂದು, ಈದ್‌ಗೆ ಇನ್ನು ಒಂದು ವಾರವೂ ಇಲ್ಲದಿದ್ದಾಗ, ಸೈನ್ಯ ಮತ್ತು ಅರೆಸೈನ್ಯದ ನಡುವೆ ಯುದ್ಧ ಆರಂಭವಾಯಿತು. ರಜೆಯ ದಿನಗಳಲ್ಲಿ ಒಬ್ಬ ಬಾಲಕ ಓಡಾಡಿದ ನಗರದ ಮೇಲೆ ಬಾಂಬುಗಳು ಬಿದ್ದವು, ಲಕ್ಷಾಂತರ ಮಂದಿ ಮನೆ ಬಿಟ್ಟರು.

2020ರಲ್ಲಿ ಕೊರೋನಾ ಕಾಲದಲ್ಲಿ ಆಡಿಸೀ 'ಆಡ್ ಕ್ಯೂರ್' ಎಂಬ ಕಿರು ಆಲ್ಬಂ ಮಾಡಿದರು. ಹಾಡುಗಳ ನಡುವೆ ತನ್ನ ಮನೆಯವರೊಂದಿಗೆ ಆಡಿದ ಫೋನ್ ಮಾತುಕತೆಗಳನ್ನೇ ಸೇರಿಸಿದ್ದಾರೆ. ಹೇಗಿದ್ದೀರಿ, ಜಾಗ್ರತೆ ಎನ್ನುವ ಮಾತುಗಳು. ಆ ದಿನಗಳಲ್ಲಿ ನಾವೂ ನೀವೂ ದುಬೈಗೆ, ದಮ್ಮಾಮ್‌ಗೆ ಫೋನ್ ಹಚ್ಚಿ ಆಡಿದ ಮಾತುಗಳಂತೆಯೇ ಇವೆ.

ಅಕ್ಕನ ಮಗನಿಗೆ ಈಗ ಮೈಕ್ ಬೇಕಂತೆ. ಮುಂಬೈಯ ಕುರ್ಲಾದ ನಾವೇದ್ ಶೇಖ್ ಎಂಬ ಹುಡುಗ, ನೇಝಿ ಎಂದು ಹೆಸರಾದವನು, 2014ರಲ್ಲಿ ತಂದೆ ಕೊಡಿಸಿದ ಒಂದು ಐಪ್ಯಾಡ್‌ನಲ್ಲೇ ಮೊದಲ ಹಾಡನ್ನು ಮುದ್ರಿಸಿ, ಚಿತ್ರೀಕರಿಸಿದ ಕಥೆಯನ್ನು ದಿನಕ್ಕೆರಡು ಬಾರಿ ಹೇಳುತ್ತಾನೆ. ಅಕ್ಕ ಇಲ್ಲ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಪರೀಕ್ಷೆ ಮುಗಿಯಲಿ ಎಂದಿದ್ದಾಳೆ. ಬರೆದದ್ದನ್ನೆಲ್ಲಾ ಮೊದಲು ತನಗೆ ಓದಿ ಹೇಳಬೇಕು, ಹೊಲಸು ಮಾತು ಒಂದೂ ಇರಕೂಡದು, ಯಾವ ಕಾಗದಕ್ಕೂ ಮಾಮನಿಗೆ ತೋರಿಸದೆ ಸಹಿ ಹಾಕಕೂಡದು ಎಂದು ಷರತ್ತು. ಒಪ್ಪಿದ್ದಾನೆ. ಅವನ ಮೊದಲ ಹಾಡು ಉಮ್ಮನ ಬೀಡಿ ಮೊರದ ಬಗ್ಗೆ. ಕೇಳಿ ಅಕ್ಕ ಸುಮ್ಮನೆ ಎದ್ದು ಒಳಗೆ ಹೋದಳಂತೆ, ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲವಂತೆ.

ಮೊನ್ನೆ ಮತ್ತೆ ಅವಳ ಫೋನ್. "ನಿನ್ನ ಮಾತು ಕೇಳಿ ಕೆಟ್ಟೆ ನಾನು. ಬಟ್ಟೆಯ ಕಪಾಟಿನೊಳಗೆ ತಲೆ ಹಾಕಿ, ಮೇಲೆ ಕಂಬಳಿ ಹೊದ್ದು ರೆಕಾರ್ಡ್ ಮಾಡುತ್ತಾನೆ. ಆ ಹೊತ್ತಿಗೆ ಮಿಕ್ಸಿ ಹಾಕಬಾರದಂತೆ, ಕುಕ್ಕರ್ ಕೂಗಬಾರದಂತೆ. ಮಧ್ಯಾಹ್ನದ ಸಾರಿಗೆ ಮಸಾಲೆ ನಾನು ಯಾವಾಗ ಅರೆಯಲಿ, ಹೇಳು?"